ಹಂಗಿಲ್ಲದ ದಿನಗಳ ಒಂದು ಚಿತ್ರ

ಮಕ್ಕಳೇ, ಈ ವಾರ ನಿಮ್ಮನ್ನು ಸುಮಾರು 270 ವರ್ಷ ಹಿಂದಕ್ಕೆ, ಇಟಲಿಯ ರೋಮ್ ನಗರಕ್ಕೆ ಕರೆದುಕೊಂಡು ಹೋಗುತ್ತೇನೆ. ಬಸ್ ಚಾರ್ಜು ಬೇಡ, ತಿಂಡಿ ಕಟ್ಟಿಕೊಳ್ಳುವುದೂ ಬೇಡ. ಅಲ್ಲೊಬ್ಬ ಚಿತ್ರಕಾರ ಕುಂಚ ಹಿಡಿದು ನಿಂತಿದ್ದಾನೆ. ಅವನ ಎದುರು ಇಂಗ್ಲೆಂಡಿನ ದೊಡ್ಡ ಮನೆತನದ ಹುಡುಗನೊಬ್ಬ ಅಲುಗಾಡದೆ ಇರಲು ಕಷ್ಟಪಡುತ್ತಿದ್ದಾನೆ. ವಯಸ್ಸು ಈಗಷ್ಟೇ ಇಪ್ಪತ್ತು ದಾಟಿದೆ. ತುಂಬಿದ ಕೆನ್ನೆ, ದಪ್ಪ ತುಟಿ, ಸ್ವಲ್ಪ ಮುಂದಕ್ಕೆ ಬಂದ ಕಣ್ಣು. ಹೆಸರು ಫ್ರೆಡರಿಕ್ ನಾರ್ತ್. ಜನರ ಬಾಯಲ್ಲಿ ಲಾರ್ಡ್ ನಾರ್ತ್.

1753ರ ಸುಮಾರಿಗೆ ಬರೆದ ಆ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿದೆ. ನಾನು ಲಂಡನ್ನಿಗೆ ಹೋದವನಲ್ಲ. ಮೊಮ್ಮಗಳ ಟ್ಯಾಬ್‌ನಲ್ಲಿ ದೊಡ್ಡದು ಮಾಡಿ ನೋಡಿದೆ, ಅಷ್ಟೆ. ಆದರೆ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜೀವಮಾನ ಕಳೆದವನಿಗೆ ಹಳೆಯ ಭಾವಚಿತ್ರ ಕಂಡರೆ ಒಂದು ಅಭ್ಯಾಸ. ಖಾತೆ ತೆರೆದಾಗ ಅಂಟಿಸಿದ ಫೋಟೋ ನೋಡುವುದು, ಆಮೇಲೆ ಖಾತೆಯ ಪುಟ ತಿರುವುತ್ತಾ ಹೋಗುವುದು. ಫೋಟೋದಲ್ಲಿ ಎಲ್ಲರೂ ನಗುತ್ತಿರುತ್ತಾರೆ. ಕಥೆ ಇರುವುದು ಪುಟಗಳಲ್ಲಿ. ಬನ್ನಿ, ಈ ಹುಡುಗನ ಪುಟ ತಿರುವೋಣ.

ಮೊದಲು, ಇಂಗ್ಲೆಂಡಿನ ಹುಡುಗನಿಗೆ ರೋಮ್‌ನಲ್ಲಿ ಏನು ಕೆಲಸ? ಆ ಕಾಲದಲ್ಲಿ ಅಲ್ಲಿನ ಶ್ರೀಮಂತ ಮನೆತನಗಳು ಮಗನ ಓದು ಮುಗಿದ ಮೇಲೆ ಒಂದೆರಡು ವರ್ಷ ಯುರೋಪ್ ಸುತ್ತಲು ಕಳಿಸುತ್ತಿದ್ದವು. ಅದಕ್ಕೆ ‘ಗ್ರ್ಯಾಂಡ್ ಟೂರ್’ ಎಂದು ಹೆಸರು. ನಮ್ಮ ಹಿರಿಯರು ಕಾಶಿಯಾತ್ರೆಗೆ ಹೊರಟಂತೆ ಅವರಿಗೆ ರೋಮ್ ಯಾತ್ರೆ, ಪುಣ್ಯಕ್ಕಲ್ಲ, ವಿದ್ಯೆಗೆ. ಜೊತೆಗೆ ಒಬ್ಬ ಮೇಷ್ಟ್ರು. ಆ ಮೇಷ್ಟ್ರಿಗೆ ಜನ ಇಟ್ಟ ಅಡ್ಡಹೆಸರು ಏನು ಗೊತ್ತೇ? ‘ಕರಡಿ ಆಡಿಸುವವನು’! ಹುಡುಗರ ತುಂಟಾಟ ಎಷ್ಟಿರುತ್ತಿತ್ತು ಎಂಬುದು ಅದರಲ್ಲೇ ತಿಳಿಯುತ್ತದೆ.

ಆಗ ರೈಲಿಲ್ಲ. ಆಲ್ಪ್ಸ್ ಪರ್ವತ ದಾಟಬೇಕಾದರೆ ಕುದುರೆಗಾಡಿಯನ್ನು ಬಿಚ್ಚಿ ಹೇಸರಗತ್ತೆಗಳ ಮೇಲೆ ಹೇರುತ್ತಿದ್ದರು. ಪ್ರಯಾಣಿಕರನ್ನು ಕುರ್ಚಿಯಲ್ಲಿ ಕೂರಿಸಿ, ಕಂಬ ಕಟ್ಟಿ, ಕೂಲಿಯವರು ಹೊತ್ತು ದಾಟಿಸುತ್ತಿದ್ದರು. ಬೆಟ್ಟದ ದೇವರ ದರ್ಶನಕ್ಕೆ ಡೋಲಿಯಲ್ಲಿ ಹೋದ ಅಜ್ಜಿಯರಿಗೆ ಇದನ್ನು ವಿವರಿಸಬೇಕಿಲ್ಲ. ದಾರಿಯಲ್ಲಿ ಕಳ್ಳರ ಭಯ. ಹಾಗಾಗಿ ಚಿನ್ನದ ನಾಣ್ಯ ಹೆಚ್ಚು ಇಟ್ಟುಕೊಳ್ಳುತ್ತಿರಲಿಲ್ಲ. ಲಂಡನ್ನಿನ ಸಾಹುಕಾರನ ಪತ್ರವನ್ನು ಊರೂರಿನ ಸಾಹುಕಾರರಿಗೆ ತೋರಿಸಿ ಹಣ ಪಡೆಯುತ್ತಿದ್ದರು. ನಮ್ಮ ಹಳೆಯ ಹುಂಡಿ ವ್ಯವಹಾರದ ಹಾಗೆಯೇ. ಇಂದು ನೀವು ಎ.ಟಿ.ಎಂ. ಕಾರ್ಡ್ ತೂರಿಸುತ್ತೀರಲ್ಲ, ಅದರ ಮುತ್ತಜ್ಜ ಆ ಪತ್ರ.

ರೋಮ್‌ಗೆ ಬಂದವರು ಎರಡು ಕೆಲಸ ತಪ್ಪದೆ ಮಾಡುತ್ತಿದ್ದರು. ಒಂದು, ಹಳೆಯ ಅರಮನೆ, ದೇಗುಲಗಳ ಅವಶೇಷ ನೋಡುವುದು. ಎರಡು, ಪೊಂಪೇಯೊ ಬಟೋನಿಯ ಮುಂದೆ ನಿಂತು ತಮ್ಮ ಚಿತ್ರ ಬರೆಸುವುದು. ಬಟೋನಿ 1708ರಲ್ಲಿ ಲುಕ್ಕಾ ಎಂಬ ಊರಿನಲ್ಲಿ ಅಕ್ಕಸಾಲಿಗನ ಮಗನಾಗಿ ಹುಟ್ಟಿದವನು. ಹತ್ತೊಂಬತ್ತರ ವಯಸ್ಸಿಗೆ ರೋಮ್ ಸೇರಿ ದೊಡ್ಡ ಹೆಸರು ಮಾಡಿದ. ಬ್ರಿಟನ್ ಮತ್ತು ಐರ್ಲೆಂಡಿನಿಂದ ಬಂದ ಸುಮಾರು 200 ಜನರ ಚಿತ್ರ ಅವನ ಕೈಯಿಂದ ಆಗಿವೆ. ಮೊದಲು ಮುಖ ಬರೆದುಕೊಳ್ಳುತ್ತಿದ್ದ. ಬಟ್ಟೆ, ಹಿನ್ನೆಲೆ ಎಲ್ಲ ನಿಧಾನವಾಗಿ ಆಮೇಲೆ. ಎಷ್ಟೋ ಸಲ ಯಾತ್ರಿಕ ಊರಿಗೆ ಹೊರಟುಹೋದ ಮೇಲೆ ಚಿತ್ರ ಮುಗಿದು, ಹಡಗು ಹತ್ತಿ ಅವನ ಹಿಂದೆ ಹೋಗುತ್ತಿತ್ತು.

ನಾರ್ತ್ 1751ರಿಂದ ಸುಮಾರು ಮೂರು ವರ್ಷ ಪ್ರವಾಸದಲ್ಲಿದ್ದ. ಜೊತೆಗಿದ್ದವನು ಮಲಸಹೋದರ ವಿಲಿಯಂ ಲೆಗ್, ಅಂದರೆ ಡಾರ್ಟ್‌ಮತ್ ಪ್ರಭು. ನಾರ್ತ್‌ನ ತಂದೆ ಡಾರ್ಟ್‌ಮತ್‌ನ ವಿಧವೆ ತಾಯಿಯನ್ನು ಮದುವೆಯಾಗಿದ್ದರಿಂದ ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು. ಇಬ್ಬರೂ ಬಟೋನಿಯಿಂದ ಚಿತ್ರ ಬರೆಸಿದರು. ಇಬ್ಬರಿಗೂ ಮುಂದೆ ಏನು ಕಾದಿದೆ ಎಂಬುದು ಕುಂಚ ಹಿಡಿದವನಿಗೂ ಗೊತ್ತಿಲ್ಲ, ಎದುರಿಗಿದ್ದವರಿಗೂ ಗೊತ್ತಿಲ್ಲ.

ಊರಿಗೆ ಮರಳಿದ ನಾರ್ತ್ 22ನೆಯ ವಯಸ್ಸಿಗೆ ಪಾರ್ಲಿಮೆಂಟ್ ಸದಸ್ಯನಾದ. ಲೆಕ್ಕದಲ್ಲಿ ಗಟ್ಟಿಗ. 1767ರಲ್ಲಿ ಹಣಕಾಸು ಮಂತ್ರಿ, 1770ರಲ್ಲಿ ಪ್ರಧಾನಿ. ಆಗ ವಯಸ್ಸು 37. ಸಿಟ್ಟೆಂಬುದೇ ಇಲ್ಲದ ಮನುಷ್ಯ. ವಿರೋಧಿಗಳು ಎಷ್ಟು ಬೈದರೂ ಒಂದು ನಗೆಮಾತಿನಲ್ಲಿ ಮುಗಿಸುತ್ತಿದ್ದ. ಸಭೆಯಲ್ಲಿ ಕಣ್ಣು ಮುಚ್ಚಿ ಕೂರುವುದು ಅವನ ರೂಢಿ. ಒಮ್ಮೆ ಒಬ್ಬ ಸದಸ್ಯ ಹಡಗುಗಳ ಇತಿಹಾಸವನ್ನು ಮೊದಲಿನಿಂದ ಹೇಳಲು ಶುರುಮಾಡಿದನಂತೆ. ನಾರ್ತ್ ಪಕ್ಕದವನಿಗೆ, ನಮ್ಮ ಕಾಲಕ್ಕೆ ಬಂದಾಗ ಎಬ್ಬಿಸಪ್ಪಾ ಎಂದು ಹೇಳಿ ನಿದ್ದೆಹೋದ. ಎಷ್ಟೋ ಹೊತ್ತಾದ ಮೇಲೆ ಪಕ್ಕದವನು ತಟ್ಟಿ ಎಬ್ಬಿಸಿದ. ಯಾವ ಯುದ್ಧದವರೆಗೆ ಬಂದಿದ್ದಾನೆ ಎಂದು ಕೇಳಿ ತಿಳಿದು, ಅಯ್ಯೋ, ನೂರು ವರ್ಷ ಮೊದಲೇ ಎಬ್ಬಿಸಿಬಿಟ್ಟೆಯಲ್ಲ ಎಂದನಂತೆ! ತರಗತಿಯಲ್ಲಿ ನೀವು ಹೀಗೆ ಮಾಡಬೇಡಿ; ನಿಮ್ಮ ಮೇಷ್ಟ್ರು ನಗಲಾರರು.

ಈಗ ಲೆಕ್ಕದ ಪುಟಕ್ಕೆ ಬರೋಣ. 1772ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮುಳುಗುವ ಸ್ಥಿತಿಗೆ ಬಂತು. ನಮ್ಮ ಬಂಗಾಳದ ಕಂದಾಯ ವಸೂಲಿ ಮಾಡುತ್ತಿದ್ದ ಅದೇ ಕಂಪನಿ. ಅಲ್ಲಿ 1770ರಲ್ಲಿ ಭೀಕರ ಬರ ಬಂದು ಲಕ್ಷಾಂತರ ಜನ ಸತ್ತಿದ್ದರು. ಆದರೂ ಕಂಪನಿ ಷೇರುದಾರರಿಗೆ ನೂರಕ್ಕೆ ಹನ್ನೆರಡೂವರೆ ಲಾಭಾಂಶ ಹಂಚಿಕೊಂಡು ಕೂತಿತ್ತು. ಅದೇ ವೇಳೆಗೆ ಲಂಡನ್ನಿನ ಸಾಹುಕಾರಿ ಮನೆಗಳು ಕುಸಿದವು, ಕಂಪನಿಗೆ ಸಾಲ ಹುಟ್ಟಲಿಲ್ಲ. ಗೋದಾಮಿನಲ್ಲಿ ಮಾತ್ರ ಮಾರಾಟವಾಗದ ಚಹಾ ಸುಮಾರು 1 ಕೋಟಿ 70 ಲಕ್ಷ ರಾತಲು! ರಾತಲು ಅಂದರೆ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ. ಅಜ್ಜಿಯನ್ನು ಕೇಳಿ, ಹೇಳುತ್ತಾರೆ. ಅದೆಲ್ಲ ಚೀನಾದ ಚಹಾ. ಅಸ್ಸಾಮಿನ ಚಹಾ ಬಂದದ್ದು ಬಹಳ ವರ್ಷಗಳ ನಂತರ.

ನಾರ್ತ್ ಏನು ಮಾಡಿದ? ಬ್ಯಾಂಕಿನವನ ಕಣ್ಣಿಗೆ ಮೆಚ್ಚುಗೆಯಾಗುವಂಥ ಕೆಲಸವನ್ನೇ ಮಾಡಿದ. ಕಂಪನಿಗೆ 14 ಲಕ್ಷ ಪೌಂಡ್ ಸರ್ಕಾರಿ ಸಾಲ ಕೊಟ್ಟ. ಸಾಲ ತೀರುವವರೆಗೆ ಲಾಭಾಂಶ ನೂರಕ್ಕೆ ಆರು ದಾಟಬಾರದು ಎಂದು ಕಟ್ಟು ಹಾಕಿದ. 1773ರ ರೆಗ್ಯುಲೇಟಿಂಗ್ ಕಾಯ್ದೆ ತಂದ. ಸಮಾಜ ಪುಸ್ತಕದಲ್ಲಿ ಓದಿರುತ್ತೀರಿ: ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆದದ್ದು ಈ ಕಾಯ್ದೆಯಿಂದಲೇ.

ಮಿಕ್ಕ ಚಹಾಕ್ಕೂ ಒಂದು ದಾರಿ ಹುಡುಕಿದ. ಇಂಗ್ಲೆಂಡಿನ ಸುಂಕ ಬಿಟ್ಟುಕೊಟ್ಟು, ಚಹಾವನ್ನು ನೇರವಾಗಿ ಅಮೆರಿಕಕ್ಕೆ ಕಳಿಸುವುದು. ಆಗ ಅಮೆರಿಕದ ಪೂರ್ವ ತೀರ ಇಂಗ್ಲಿಷರ ಕೈಯಲ್ಲಿತ್ತು. ಅಲ್ಲಿ ಚಹಾ ಅಗ್ಗವಾಗುತ್ತದೆ, ಕಂಪನಿಯ ಗೋದಾಮು ಖಾಲಿಯಾಗುತ್ತದೆ, ಎಲ್ಲರಿಗೂ ಲಾಭ. ಒಂದೇ ಒಂದು ಚಿಕ್ಕ ತೆರಿಗೆ ಮಾತ್ರ ಉಳಿಸಿಕೊಂಡ: ರಾತಲಿಗೆ ಮೂರು ಪೆನ್ಸ್. ಆಗ ಒಂದು ಪೌಂಡ್ ಹಣಕ್ಕೆ 240 ಪೆನ್ಸ್. ಅಂದರೆ ಚಿಲ್ಲರೆ ಕಾಸು.

ಆ ಮೂರು ಪೆನ್ಸಿಗೆ ಹಿಂದಿನದೊಂದು ಕಥೆಯಿದೆ. 1769ರ ಮೇ 1ರಂದು ಮಂತ್ರಿಮಂಡಲದಲ್ಲಿ ಅದನ್ನು ತೆಗೆಯೋಣವೇ, ಇಡೋಣವೇ ಎಂದು ಮತ ಹಾಕಿದರು. ಇಡೋಣ ಎಂದವರು ಐವರು, ತೆಗೆಯೋಣ ಎಂದವರು ನಾಲ್ವರು. ನಾರ್ತ್ ಆ ಐವರಲ್ಲಿ ಒಬ್ಬ. ತೆಗೆಯೋಣ ಎಂದು ಸೋತವನು ಆಗಿನ ಪ್ರಧಾನಿ ಗ್ರಾಫ್ಟನ್ ಪ್ರಭು. ಅವನ ಚಿತ್ರವನ್ನೂ ಇದೇ ಬಟೋನಿ 1762ರಲ್ಲಿ ಬರೆದಿದ್ದ! 1773ರಲ್ಲಿ ಮತ್ತೆ ಡೌಡ್ಸ್‌ವೆಲ್ ಎಂಬ ಸದಸ್ಯ, ತೆರಿಗೆ ಉಳಿಸಿಕೊಂಡರೆ ಅವರು ಚಹಾ ಮುಟ್ಟುವುದಿಲ್ಲ ಎಂದು ಸಭೆಯಲ್ಲೇ ಎಚ್ಚರಿಸಿದ. ನಾರ್ತ್ ಕೇಳಲಿಲ್ಲ.

ಅಮೆರಿಕದವರ ಜಗಳ ಬೆಲೆಯದಾಗಿರಲಿಲ್ಲ. ನಮ್ಮನ್ನು ಕೇಳದೆ, ನಮ್ಮ ಪ್ರತಿನಿಧಿಯಿಲ್ಲದ ಸಭೆಯಲ್ಲಿ ಕೂತು ನಮ್ಮ ಮೇಲೆ ತೆರಿಗೆ ಹಾಕಲು ನೀವು ಯಾರು ಎಂಬುದು ಅವರ ಪ್ರಶ್ನೆ. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಮೂರು ಹಡಗು ಹತ್ತಿ 342 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿದರು. ಆಗ ಅಮೆರಿಕದ ವಸಾಹತುಗಳ ಮಂತ್ರಿ ಯಾರು? ರೋಮ್‌ಗೆ ಜೊತೆಯಲ್ಲಿ ಹೋಗಿದ್ದ ಡಾರ್ಟ್‌ಮತ್! ಎರಡು ವರ್ಷದೊಳಗೆ ಯುದ್ಧ ಶುರುವಾಯಿತು. 1776ರ ಜುಲೈ 4ರಂದು ಅಮೆರಿಕ ಸ್ವಾತಂತ್ರ್ಯ ಘೋಷಿಸಿತು. ನಾರ್ತ್‌ನ ಕೂಡುವುದು ಕಳೆಯುವುದು ಸರಿಯಾಗಿಯೇ ಇತ್ತು. ಮನುಷ್ಯರ ಮಾನಕ್ಕೆ ಆ ಲೆಕ್ಕದಲ್ಲಿ ಕಲಂ ಇರಲಿಲ್ಲ.

ಆದರೆ ಈ ಕಥೆಯಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಚಹಾ ಅಲ್ಲ, ಮುಂದಿನ ಪುಟ. 1777ರಲ್ಲಿ ಸಾರಟೋಗ ಎಂಬಲ್ಲಿ ಇಂಗ್ಲಿಷರ ಒಂದು ಸೇನೆಯೇ ಶರಣಾಯಿತು. ಈ ಯುದ್ಧ ನನ್ನ ಕೈಲಾಗದು, ಬೇರೆಯವರನ್ನು ನೇಮಿಸಿ ಎಂದು ನಾರ್ತ್ ರಾಜ ಮೂರನೆಯ ಜಾರ್ಜ್‌ಗೆ ಮತ್ತೆ ಮತ್ತೆ ಬರೆದ. ರಾಜ ಬಿಡಲಿಲ್ಲ. ನಾರ್ತ್ ಎದ್ದು ಹೋಗಬಹುದಿತ್ತಲ್ಲ? ಹೋಗಲಿಲ್ಲ. ಏಕೆಂದರೆ ಅದೇ ವರ್ಷ ರಾಜ ಅವನಿಗೊಂದು ಉಪಕಾರ ಮಾಡಿದ್ದ. ನಾರ್ತ್‌ನ ತಂದೆ ದೀರ್ಘಾಯುಷಿ, ಆಸ್ತಿಯೆಲ್ಲ ಅವರ ಕೈಯಲ್ಲಿ. ಮಗ ಹೆಸರಿಗೆ ಲಾರ್ಡ್; ದೊಡ್ಡ ಸಂಸಾರ, ಮೈತುಂಬ ಸಾಲ. ಇದನ್ನು ತಿಳಿದ ರಾಜ, ನಿನ್ನ ಸಾಲ ತೀರಿಸಲು 20 ಸಾವಿರ ಪೌಂಡ್‌ವರೆಗೆ ನಾನು ಕೊಡುತ್ತೇನೆ ಎಂದ. ಪ್ರೀತಿಯಿಂದಲೇ ಹೇಳಿದ. ಆದರೆ ಅಂದಿನಿಂದ ನಾರ್ತ್‌ಗೆ ‘ಆಗದು’ ಎನ್ನುವ ನಾಲಿಗೆ ಹೋಯಿತು.

ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ಒಳ್ಳೆಯ ಮಾತಿದೆ: ಹಂಗು. ಸಾಲಕ್ಕೆ ಬಡ್ಡಿ ಇರುತ್ತದೆ, ಕಂತು ಇರುತ್ತದೆ, ಕೊನೆಯ ಕಂತು ಕಟ್ಟಿದ ದಿನ ಕಾಗದ ಕೈಗೆ ಬರುತ್ತದೆ. ಹಂಗಿಗೆ ಕಂತಿಲ್ಲ. ಎಷ್ಟು ಕಟ್ಟಿದರೂ ತೀರಿತು ಎಂದು ಯಾರೂ ಸೀಲು ಹಾಕಿ ಕೊಡುವುದಿಲ್ಲ.

ನನ್ನ ಕೌಂಟರಿನ ಮುಂದೆ ಈ ಹಂಗಿನ ಮುಖವನ್ನು ಎಷ್ಟೋ ಸಲ ಕಂಡಿದ್ದೇನೆ. ಒಮ್ಮೆ ಒಬ್ಬ ಶಾಲಾ ಮೇಷ್ಟ್ರು ನೆಂಟನ ದೊಡ್ಡ ಸಾಲಕ್ಕೆ ಜಾಮೀನು ಸಹಿ ಹಾಕಲು ಬಂದರು. ಓದಲು ಪಟ್ಟಣಕ್ಕೆ ಬಂದಾಗ ಆ ನೆಂಟನ ಮನೆಯಲ್ಲಿ ಊಟ ಮಾಡಿಕೊಂಡಿದ್ದವರು. ನೆಂಟ ಅತ್ತ ಹೋದಾಗ ನನ್ನ ಕಿವಿಯಲ್ಲಿ, “ಸಾರ್, ಕಾಗದದಲ್ಲಿ ಏನೋ ಕೊರತೆ ಇದೆ ಅಂತ ಹೇಳಿಬಿಡಿ, ನಿಮಗೆ ಪುಣ್ಯ ಬರುತ್ತೆ” ಎಂದರು. ನಾನು, “ಮೇಷ್ಟ್ರೇ, ಕಾಗದ ಸರಿಯಾಗಿದೆ. ಸಹಿ ಹಾಕೋದು ಬಿಡೋದು ನಿಮ್ಮ ಕೈಯಲ್ಲಿದೆ” ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಕೊನೆಗೆ ಎದ್ದು ಹೋಗಿ ನೆಂಟನಿಗೆ ಹೇಳಿದರು: “ನಿನ್ನ ಮನೆ ಅನ್ನ ಮರೆತಿಲ್ಲ ಕಣಪ್ಪ. ಆದರೆ ಇದು ನನ್ನಿಂದ ಆಗಲ್ಲ.” ನೆಂಟ ಎರಡು ವರ್ಷ ಮಾತು ಬಿಟ್ಟನಂತೆ. ಮೇಷ್ಟ್ರ ಮಗಳ ಮದುವೆಗೆ ಮಾತ್ರ ಎಲ್ಲರಿಗಿಂತ ಮೊದಲು ಬಂದು ಚಪ್ಪರದ ಕೆಳಗೆ ನಿಂತಿದ್ದನಂತೆ.

ನಾರ್ತ್‌ಗೆ ಆ ಮೇಷ್ಟ್ರ ಧೈರ್ಯ ಬರಲಿಲ್ಲ. ಮನಸ್ಸಿಲ್ಲದ ಯುದ್ಧವನ್ನು ಇನ್ನೂ ನಾಲ್ಕು ವರ್ಷ ನಡೆಸಿದ. ಅದರ ಬೆಲೆ ತೆತ್ತವರು ಸಮುದ್ರದ ಆಚೆಯ ಸಾವಿರಾರು ಮನೆಗಳವರು.

ಅದರ ಒಂದು ಪಾಲು ನಮ್ಮ ಕಡೆಗೂ ಬಂತು. 1778ರಲ್ಲಿ ಫ್ರೆಂಚರು ಅಮೆರಿಕದ ಪರ ನಿಂತರು. ಕೂಡಲೇ ಇಂಗ್ಲಿಷರು ಇಂಡಿಯಾದಲ್ಲಿದ್ದ ಫ್ರೆಂಚರ ಊರುಗಳ ಮೇಲೆ ಬಿದ್ದರು. 1779ರಲ್ಲಿ ಮಲಬಾರ್ ತೀರದ ಮಾಹೆ ಬಂದರನ್ನು ಹಿಡಿದರು. ಹೈದರ್ ಅಲಿಗೆ ಯುದ್ಧಸಾಮಗ್ರಿ ಬರುತ್ತಿದ್ದದ್ದು ಆ ಬಂದರಿನಿಂದ. ಇಂಗ್ಲಿಷರು ಕೊಟ್ಟ ಮಾತಿಗೆ ತಪ್ಪಿದ್ದರೆಂಬ ಹಳೆಯ ಸಿಟ್ಟೂ ಹೈದರನಿಗಿತ್ತು. 1780ರಲ್ಲಿ ಘಟ್ಟ ಇಳಿದು ಯುದ್ಧಕ್ಕೆ ಹೊರಟ. ಆ ವರ್ಷ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೇನೆ ಸೋತು ಸುಣ್ಣವಾಯಿತು. ಶಾಲಾ ಪ್ರವಾಸದಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದ್ದೀರಾ? ಅದರ ಪಶ್ಚಿಮದ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕೂತ ಬೈಲಿಯ ಸಮೇತ ಬರೆದಿರುವುದು ಈ ಯುದ್ಧವನ್ನೇ. ರೋಮ್‌ನ ಆ ಶಾಂತ ಮುಖಕ್ಕೂ ನಮ್ಮ ಗೋಡೆಯ ಕುದುರೆ, ಫಿರಂಗಿಗಳಿಗೂ ನಡುವೆ ಒಂದು ದಾರ ಇದೆ ಎಂದರೆ ಆಶ್ಚರ್ಯವಲ್ಲವೇ?

ಇನ್ನೊಂದು ಆಶ್ಚರ್ಯ. ಇಂಗ್ಲಿಷರನ್ನು ನಡುಗಿಸಿದ ಹೈದರನ ಹೆಸರು ಅಮೆರಿಕದವರೆಗೂ ಹಬ್ಬಿ, ಅಲ್ಲಿನ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟರು. 1782ರ ಏಪ್ರಿಲ್ 8ರಂದು ಆ ನೌಕೆ ತನಗಿಂತ ಬಲವಾದ ಇಂಗ್ಲಿಷ್ ನೌಕೆಯೊಂದನ್ನು ಸೆರೆಹಿಡಿಯಿತು.

ಅಷ್ಟರಲ್ಲಿ ನಾರ್ತ್‌ನ ಕಾಲ ಮುಗಿದಿತ್ತು. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಶರಣಾಯಿತು. ಹೌದು, ಮುಂದೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಅದೇ ಕಾರ್ನ್‌ವಾಲಿಸ್. 1782ರ ಮಾರ್ಚ್ 20ರಂದು ನಾರ್ತ್ ರಾಜೀನಾಮೆ ಘೋಷಿಸಿದ. ಅಂದು ರಾತ್ರಿಯೆಲ್ಲ ಚರ್ಚೆ ಇರುತ್ತದೆಂದು ಎಣಿಸಿ ಸದಸ್ಯರೆಲ್ಲ ತಮ್ಮ ಗಾಡಿಗಳನ್ನು ವಾಪಸು ಕಳಿಸಿದ್ದರು. ರಾಜೀನಾಮೆಯಿಂದ ಸಭೆ ಬೇಗ ಮುಗಿಯಿತು; ಹೊರಗೆ ಹಿಮ, ಕೊರೆಯುವ ಚಳಿ. ನಾರ್ತ್‌ನ ಗಾಡಿ ಮಾತ್ರ ಬಾಗಿಲಲ್ಲಿ ನಿಂತಿತ್ತು. ನಡುಗುತ್ತಿದ್ದ ವಿರೋಧಿಗಳ ಕಡೆ ತಿರುಗಿ, ಗುಟ್ಟು ಮೊದಲೇ ತಿಳಿದಿದ್ದರೆ ಎಷ್ಟು ಅನುಕೂಲ ನೋಡಿ ಎಂದು ನಕ್ಕು ಗಾಡಿ ಹತ್ತಿದನಂತೆ. ಕೊನೆಗೂ ಬಿಡುಗಡೆಯಾದವನ ನಗೆ ಅದು.

ಮುಪ್ಪಿನಲ್ಲಿ ಅವನ ಎರಡು ಕಣ್ಣೂ ಹೋದವು. ಹೆಣ್ಣುಮಕ್ಕಳು ಪುಸ್ತಕ ಓದಿ ಹೇಳುತ್ತಿದ್ದರು. ಸಭೆಯಲ್ಲಿ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದ ಕರ್ನಲ್ ಬಾರೆಯೂ ಕುರುಡನಾಗಿದ್ದ. ಇಬ್ಬರೂ ಎದುರಾದಾಗ ನಾರ್ತ್, ನಾವು ಎಷ್ಟೇ ಜಗಳವಾಡಿರಲಿ, ಒಬ್ಬರನ್ನೊಬ್ಬರು ನೋಡಲು ನಮ್ಮಷ್ಟು ಸಂತೋಷಪಡುವವರು ಈ ದೇಶದಲ್ಲಿ ಇನ್ನಿಬ್ಬರಿಲ್ಲ ಎಂದನಂತೆ. ತಂದೆಯ ಆಸ್ತಿ, ಪದವಿ ಕೈಗೆ ಬಂದದ್ದು 1790ರಲ್ಲಿ. ಎರಡೇ ವರ್ಷಕ್ಕೆ, 1792ರ ಆಗಸ್ಟ್‌ನಲ್ಲಿ ತೀರಿಕೊಂಡ.

ಆ ಹೊತ್ತಿಗೆ ರೋಮ್‌ನ ಚಿತ್ರಕ್ಕೆ ನಲವತ್ತು ವರ್ಷವಾಗುತ್ತಾ ಬಂದಿತ್ತು. ಅದರೊಳಗಿನ ಕಣ್ಣು ಮಾತ್ರ ಹಾಗೆಯೇ ನೋಡುತ್ತಿತ್ತು. ಡಾರ್ಟ್‌ಮತ್‌ನ ಚಿತ್ರಕ್ಕೆ ಇನ್ನೂ ವಿಚಿತ್ರ ಯೋಗ. ಅವನ ಹೆಸರಿನ ಕಾಲೇಜೊಂದು ಅಮೆರಿಕದಲ್ಲಿದೆ. ಬಟೋನಿ ಬರೆದ ಅವನ ಚಿತ್ರ ಈಗ ಆ ಕಾಲೇಜಿನ ಸಂಗ್ರಹಾಲಯದಲ್ಲಿ, ಕೈತಪ್ಪಿಹೋದ ಆ ದೇಶದಲ್ಲೇ ಇದೆ.

ನಾರ್ತ್ ಕೆಟ್ಟವನಲ್ಲ ಮಕ್ಕಳೇ. ನಗಿಸುತ್ತಿದ್ದ, ಯಾರ ಮೇಲೂ ಹಗೆ ಸಾಧಿಸಲಿಲ್ಲ, ಮನೆಯವರಿಗೆ ಪ್ರೀತಿಯ ಅಪ್ಪ. ಒಳ್ಳೆಯತನದ ಜೊತೆಗೆ ಇನ್ನೊಂದು ಬೇಕಿತ್ತು. ಉಪಕಾರ ಮಾಡಿದವರ ಮುಖ ನೋಡಿಕೊಂಡೇ, ಕೈಮುಗಿದುಕೊಂಡೇ ಆದರೂ, ‘ಇದು ತಪ್ಪು, ನನ್ನಿಂದಾಗದು’ ಎನ್ನುವ ಶಕ್ತಿ. ನಾಳೆ ನಿಮಗೆ ಪೆನ್ಸಿಲ್ ಕೊಟ್ಟ ಗೆಳೆಯ ಪರೀಕ್ಷೆಯಲ್ಲಿ ಉತ್ತರ ತೋರಿಸು ಎಂದಾಗಲೂ ಬೇಕಾಗುವುದು ಅದೇ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಮಕ್ಕಳಿಗೆ ಫೀಸು ಕಟ್ಟುತ್ತೇವೆ, ಸೈಕಲ್ ಕೊಡಿಸುತ್ತೇವೆ. ಕೊಟ್ಟದ್ದನ್ನು ಎತ್ತಿ ಆಡದಿರೋಣ. ಕೊಟ್ಟ ಕೈ ಮರೆತರೆ ಅದು ಪ್ರೀತಿ; ಆಗಾಗ ನೆನಪಿಸಿದರೆ ಹಂಗು.

ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯ ಹಳೆಯ ಆಲ್ಬಮ್ ತೆಗೆದು ಅಜ್ಜನದೋ ಅಜ್ಜಿಯದೋ ಇಪ್ಪತ್ತರ ವಯಸ್ಸಿನ ಫೋಟೋ ಹುಡುಕಿ. ಪಕ್ಕದಲ್ಲಿ ಕೂತು ಎರಡು ಪ್ರಶ್ನೆ ಕೇಳಿ: “ಈ ಫೋಟೋ ತೆಗೆಸಿದ ದಿನ ನಿಮಗೆ ಏನು ಗೊತ್ತಿರಲಿಲ್ಲ? ಆಮೇಲೆ ಯಾವತ್ತಾದರೂ ‘ಆಗಲ್ಲ’ ಅನ್ನಬೇಕು ಅನಿಸಿಯೂ ಅನ್ನಲಾಗದೆ ಹೋಯಿತಾ?” ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿದೀತು. ಅವಸರ ಮಾಡಬೇಡಿ, ಕಾದು ಕೇಳಿ.